ಬಣ್ಣದ ಪುಡಿ ನಮ್ಮ ಕೈಗೆ, ಪೆನ್ನು ಅವರ ಕೈಗೆ



ನಮ್ಮ ಕೇರಿಗಳಿಗೆ ಒಂದು ಮಾತು ಜೀಪು ಹತ್ತಿ ಬಂದಿಳಿದು ಬಹಳ ವರ್ಷವಾಯಿತು. 'ಸಹಭಾಗಿ ಸಂಶೋಧನೆ' ಅಂತ ಅದರ ಹೆಸರು. ಬಡವರನ್ನು ಪ್ರಶ್ನೆ ಕೇಳಿ ಎದ್ದು ಹೋಗಬಾರದು. ಬಡವರೇ ತಮ್ಮ ಸ್ಥಿತಿಯನ್ನು ಶೋಧಿಸಬೇಕು, ಶೋಧಿಸ್ತಾ ಕಲೀಬೇಕು, ಕಲಿತದ್ದರಿಂದ ಬದುಕು ಬದಲಾಗಬೇಕು ಅಂತ ಅದರ ಅರ್ಥ. ವಯಸ್ಕರ ಶಿಕ್ಷಣದವರು, ಅನೌಪಚಾರಿಕ ಶಿಕ್ಷಣದವರು, ಸಮುದಾಯ ಅಭಿವೃದ್ಧಿಯವರು ಎಲ್ಲರ ಬಾಯಲ್ಲೂ ಇದೇ. ಕೇಳೋಕೆ ಚೆನ್ನಾಗಿದೆ. ನಡೆಯೋದು ಏನು?

ಜೀಪು ಬರೋದು ಹಗಲು ಹನ್ನೊಂದಕ್ಕೆ. ಆ ಹೊತ್ತಿಗೆ ನಮ್ಮ ಗಂಡಸರು, ಹೆಂಗಸರು ಯಾರದೋ ಗದ್ದೇಲಿ ಬಗ್ಗಿರ್ತಾರೆ. ಸಿಗೋರು ಊರ ಕಟ್ಟೆ ಮೇಲೆ ಕೂತೋರು. ಅವರನ್ನು ಸೇರಿಸಿ ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿ, ಹುಣಸೆಬೀಜ ಇಟ್ಟು 'ನಿಮ್ಮೂರ ನಕ್ಷೆ ನೀವೇ ಬರೀರಿ' ಅಂತಾರೆ. ನಾವು ಕಾಲಿಡಬಾರದ ಅಂಗಳದಲ್ಲೇ ಊರಿನ ನಕ್ಷೆ! ಆ ನಕ್ಷೇಲಿ ಬಾವಿ ಇರುತ್ತೆ. ಅದರ ಹಗ್ಗ ಯಾರು ಮುಟ್ಟಬಾರದು ಅನ್ನೋದು ಇರೋದಿಲ್ಲ. ಹೋಟ್ಲು ಇರುತ್ತೆ, ನಮಗೆ ಅಂತ ಬೇರೆ ಇಟ್ಟ ಲೋಟ ಇರೋದಿಲ್ಲ. ಗೋಮಾಳವೂ ಇರುತ್ತೆ, ಅದನ್ನು ಒತ್ತುವರಿ ಮಾಡಿದೋನೇ ಪುಡಿ ಹಿಡಿದು ಅದರ ಗೆರೆ ಎಳೀತಿರ್ತಾನೆ. ಸಂಜೆ ಅದನ್ನು ಕಾಗದಕ್ಕೆ ಇಳಿಸಿಕೊಂಡು, ಫೋಟೋ ಹೊಡ್ಕೊಂಡು ಹೊರಡ್ತಾರೆ. ನೆಲದ ಮೇಲಿನದನ್ನು ಕೋಳಿ ಕೆದರುತ್ತೆ. ರಿಪೋರ್ಟು ಇಂಗ್ಲಿಷಲ್ಲಿ ಆಗುತ್ತೆ, ನಮ್ಮ ಕೇರಿಗೆ ಎಂದೂ ವಾಪಸ್ಸು ಬರೋದಿಲ್ಲ. ಇದರಲ್ಲಿ ನಮ್ಮ ಭಾಗ ಯಾವುದು? ಪುಡಿ ಚೆಲ್ಲಿದ್ದೇ?

ಈ ಮಾತು ಹುಟ್ಟಿದಾಗ ಹೀಗಿರಲಿಲ್ಲ. ಬ್ರೆಜಿಲ್ ದೇಶದ ಪಾಲೊ ಫ್ರೇರೆ 1963ರಲ್ಲಿ ಅಂಗಿಕೋಸ್ ಅನ್ನೋ ಊರಲ್ಲಿ ಸುಮಾರು 300 ಜನ ದುಡಿಯುವವರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟರು. ಮೊದಲು ಆ ಜನ ದಿನಾ ಆಡೋ ಮಾತುಗಳನ್ನು ಹುಡುಕೋದು, ಆಮೇಲೆ ಅದೇ ಮಾತುಗಳಿಂದ ಅಕ್ಷರ ಕಲಿಸೋದು ಅವರ ಪದ್ಧತಿ. ಇಟ್ಟಿಗೆ ಹೊರೋನಿಗೆ 'ಇಟ್ಟಿಗೆ'ಯೇ ಪಾಠ. ಈ ಇಟ್ಟಿಗೆ ಯಾರ ಮನೆಗೆ ಹೋಗುತ್ತೆ, ಹೊರೋನಿಗೆ ಮನೆ ಯಾಕಿಲ್ಲ ಅನ್ನೋದು ಅದರ ಬೆನ್ನಿಗೇ ಬರೋ ಪ್ರಶ್ನೆ. 1964ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಫ್ರೇರೆ ಜೈಲಿಗೆ, ಅಲ್ಲಿಂದ ದೇಶದ ಹೊರಕ್ಕೆ. ಅಕ್ಷರ ಕಲಿಸಿದೋನನ್ನು ಕಂಡರೆ ಬಂದೂಕಿನೋರಿಗೆ ಯಾಕೆ ಭಯ? ಆ ದೇಶದಲ್ಲಿ ಆಗ ಓದು ಬಾರದೋರಿಗೆ ಓಟಿರಲಿಲ್ಲ. 300 ಜನ ಓದಿದರೆ 300 ಓಟು ಹುಟ್ಟುತ್ತೆ. ಜಮೀನ್ದಾರರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

1970ರ ದಶಕದ ಆರಂಭದಲ್ಲಿ ತಾಂಜಾನಿಯಾ ದೇಶದಲ್ಲಿ ಈ ಕೆಲಸಕ್ಕೆ 'ಸಹಭಾಗಿ ಸಂಶೋಧನೆ' ಅನ್ನೋ ಹೆಸರು ಬಂತು. ಹೊರದೇಶದ ಹೆಸರು ಹೇಳಿ ನಮ್ಮವರನ್ನು ಮರೆಯೋದು ಬೇಡ. ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿಗಳು ದುಡಿಯೋ ಜನಕ್ಕೆ ಪುಣೆಯಲ್ಲಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ.

ಇನ್ನು ಸರ್ಕಾರದ ಕಥೆ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. 15ರಿಂದ 35 ವಯಸ್ಸಿನ 10 ಕೋಟಿ ಜನಕ್ಕೆ ಐದು ವರ್ಷದಲ್ಲಿ ಅಕ್ಷರ ಕಲಿಸ್ತೀವಿ ಅಂದರು. ಅಕ್ಷರ, ಕಸುಬಿನ ತಿಳುವಳಿಕೆ, ಸಾಮಾಜಿಕ ಅರಿವು ಅಂತ ಮೂರು ಗುರಿ ಬರೆದರು. ಎಣಿಸೋಕೆ ಬಂದದ್ದು ಮೊದಲನೆಯದು ಮಾತ್ರ. ಅರಿವು ಹಾಜರಿ ಪುಸ್ತಕದ ಯಾವ ಕಲಮಿಗೂ ಹೊಂದೋದಿಲ್ಲವಲ್ಲ! 1988ರಲ್ಲಿ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ ಬಂತು, 2022ರಲ್ಲಿ ಮತ್ತೊಂದು ಯೋಜನೆ ಬಂತು. ಅದರ ಗುರಿ 5 ಕೋಟಿ ಜನ. ಹೆಬ್ಬೆಟ್ಟು ಹೋಗಿ ಸಹಿ ಬಂದರೆ ಲೆಕ್ಕ ಚುಕ್ತಾ.

ಒಂದು ಸಲ ಮಾತ್ರ ಪಾಠ ಅವರ ಕೈ ಮೀರಿತು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತಾ ಪುಸ್ತಕದಲ್ಲಿ ಸಾರಾಯಿ ವಿರುದ್ಧ ನಿಂತ ಹೆಣ್ಣಿನ ಪಾಠ ಓದಿದರು. ಓದಿ ಪುಸ್ತಕ ಮುಚ್ಚಿಡಲಿಲ್ಲ. ಸಾರಾಯಿ ಅಂಗಡಿ ಮುಚ್ಚಿಸೋಕೆ ಹೊರಟರು. 1992ರ ಹೊತ್ತಿಗೆ ಅದು ಜಿಲ್ಲೆಗೆಲ್ಲ ಹರಡಿತು, 1993ರಲ್ಲಿ ಆ ರಾಜ್ಯ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ಅಲ್ಲಿ ಯಾವ ಪಂಡಿತನೂ ಪ್ರಶ್ನಾವಳಿ ಹಿಡಿದು ನಿಂತಿರಲಿಲ್ಲ.

ರಾಜಸ್ಥಾನದ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರ್ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಎದುರಿಗೇ ಕಾಮಗಾರಿಯ ಲೆಕ್ಕ ಓದಿಸಿದರು. ಮಸ್ಟರ್ ರೋಲಿನ ಹೆಸರು ಕೂಗೋದು, ಆ ಹೆಸರಿನೋರೇ ಎದ್ದು ಕೂಲಿ ಬಂತೋ ಇಲ್ಲವೋ ಹೇಳೋದು. ಓದು ಬಾರದೋರೇ ಸಂಶೋಧಕರು. ಇಂಥ ಸಭೆಗಳಿಂದ ಎದ್ದ ಕೂಗೇ 2005ರಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯಾಗಿ ನಿಂತದ್ದು.

ನಮ್ಮ ರಾಜ್ಯದ್ದೇ ಬೇಕೇ? ಕೋಲಾರದ ಚಿನ್ನದ ಗಣಿಗೆ ಬನ್ನಿ. ಮಲ ಹೊರುವ ಕುಟುಂಬದಲ್ಲಿ ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತನ್ನ ಜನ ಬಕೆಟ್ಟಲ್ಲಿ ಮಲ ಎತ್ತೋದನ್ನು ಕಂಡು, ಅದನ್ನು ಫೋಟೋ ಹಿಡಿದು, ಅಧಿಕಾರಿಗಳ ಮುಖಕ್ಕೆ ಹಿಡಿದರು. 1993ರಲ್ಲೇ ನಿಷೇಧದ ಕಾಯ್ದೆ ಬಂದಿತ್ತು. ಆದರೂ 'ನಮ್ಮಲ್ಲಿ ಮಲ ಹೊರೋರೇ ಇಲ್ಲ' ಅಂತ ಸರ್ಕಾರಗಳು ಸುಪ್ರೀಂ ಕೋರ್ಟಿಗೆ ಅಫಿಡವಿಟ್ಟು ಕೊಟ್ಟವು. ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಕೋರ್ಟಿಗೆ ಹೋಗಿ ತಾವೇ ಬೀದಿ ಬೀದಿ ತಿರುಗಿ ಮಾಡಿದ ಲೆಕ್ಕ, ಫೋಟೋಗಳನ್ನು ಮುಂದಿಟ್ಟರು. 2014ರ ಮಾರ್ಚ್ 27ರಂದು ತೀರ್ಪು ಬಂತು: ಚರಂಡಿ ಗುಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ. 'ಸಂತ್ರಸ್ತರೇ ಲೆಕ್ಕ ಮಾಡಿದರೆ ಪಕ್ಷಪಾತ ಆಗುತ್ತೆ' ಅನ್ನೋ ಪ್ರೊಫೆಸರುಗಳೇ, ಸೊನ್ನೆ ಬರೆದ ಆ ಅಫಿಡವಿಟ್ಟುಗಳಲ್ಲಿ ಪಕ್ಷಪಾತ ಇರಲಿಲ್ಲವೇ?

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ನಾಲ್ಕಕ್ಷರ ಕಲಿತ ನಮ್ಮ ಹುಡುಗರು ಫಾರಂ ಹಿಡಿದು ಕೇರಿಗೆ ಹೋದರೆ ಗಂಡಸರನ್ನು ಮಾತ್ರ ಮಾತಾಡಿಸಿ ಬರ್ತಾರೆ. ಒಳಗಿನ ಅಕ್ಕನನ್ನು ಕೇಳೋದಿಲ್ಲ. ತಮಗಿಂತ ಕೆಳಗೆ ಅಂತ ಎಣಿಸಿದೋರ ಕೇರಿಗೆ ಕಾಲೇ ಇಡೋದಿಲ್ಲ. ಮೇಲುಕೇರಿಯವರು ನಮಗೆ ಮಾಡಿದ್ದನ್ನೇ ಇವರು ಫಾರಂನಲ್ಲಿ ಮಾಡಿದರೆ ಅದೆಂಥ ಚಳವಳಿ?

ಈಗ ನಮ್ಮ ಮುಂದಿರೋ ಕೆಲಸ ನೋಡಿ. ಸರ್ಕಾರ ನಮಗೆ ಮಂಜೂರು ಮಾಡಿದ ಭೂಮಿ ಪರಭಾರೆ ಆಗಬಾರದು ಅಂತ 1978ರ ಕಾಯ್ದೆ ಇದೆ, ಪಿಟಿಸಿಎಲ್ ಅಂತಾರಲ್ಲ ಅದು. ಎಷ್ಟು ಅಪ್ಪಂದಿರು ಮದುವೆ ಸಾಲಕ್ಕೆ, ಕಾಯಿಲೆ ಸಾಲಕ್ಕೆ ಏನು ಬರೆದಿದೆ ಅಂತ ತಿಳೀದೆ ಹೆಬ್ಬೆಟ್ಟು ಒತ್ತಿದರು! ಮಕ್ಕಳು ಓದಿ, ತಿಳಿದು, ಅರ್ಜಿ ಹಾಕೋ ಹೊತ್ತಿಗೆ 'ತಡವಾಗಿ ಬಂದಿರಿ' ಅಂದರು. 2017ರಲ್ಲಿ ಸುಪ್ರೀಂ ಕೋರ್ಟೇ ಹಾಗಂದಿತು. ಅಕ್ಷರ ತಡವಾಗಿ ಕೊಟ್ಟೋರು ಯಾರು ಅಂತ ಯಾರೂ ಕೇಳಲಿಲ್ಲ. ಹೋರಾಡಿದ ಮೇಲೆ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿ ಇಲ್ಲ ಅಂತಾಯಿತು.

ರಾತ್ರಿ ಶಾಲೆ ನಡೆಸೋ ಗೆಳೆಯರೇ, ಸರ್ಕಾರದ ಪುಸ್ತಕದ 'ಅರಸ', 'ಆನೆ' ಒಂದು ವಾರ ಪಕ್ಕಕ್ಕಿಡಿ. ಪಹಣಿ ತಂದು ಹಲಗೆ ಮೇಲೆ ಬರೀರಿ. ಸರ್ವೆ ನಂಬರು, ಎಕರೆ, ಗುಂಟೆ, ಹಕ್ಕುದಾರನ ಹೆಸರು ಓದಿಸಿ. ಯಾರ ತಾತನಿಗೆ ಯಾವ ವರ್ಷ ಮಂಜೂರಾಯಿತು, ಈಗ ಉಳೋರು ಯಾರು ಅಂತ ಅಜ್ಜ ಅಜ್ಜಿಯರನ್ನು ಕೇಳಿ ಅವರೇ ನಕ್ಷೆ ಮಾಡಲಿ. ನಮ್ಮ ಕೇರಿಯಲ್ಲಿ, ರಾತ್ರಿ ಕೂಲಿ ಮುಗಿಸಿ ಬಂದ ಮೇಲೆ. ಅದರ ಮೂಲ ಪ್ರತಿ ಕೇರಿಯಲ್ಲೇ ಇರಲಿ. ಜೀಪಿನೋರು ಬಂದರೆ ನಕಲು ಕೊಡಿ, ಅವರು ಬರೆದದ್ದನ್ನು ಕನ್ನಡದಲ್ಲಿ ಇಲ್ಲೇ ಓದಿ ಹೇಳ್ತೀವಿ ಅಂತ ಬರೆದುಕೊಟ್ಟರೆ ಮಾತ್ರ.

ಮುಂದಿನ ತಾಲೂಕು ಸಭೆಗೆ ಬರೋರು ನಿಮ್ಮ ಕೇರಿಯ ಮಂಜೂರಾತಿ ಭೂಮಿಯ ಪಹಣಿ ನಕಲು, ಸಾಗುವಳಿ ಚೀಟಿ ಇದ್ದರೆ ಅದನ್ನೂ ತಪ್ಪದೆ ತನ್ನಿ.