ಗಾಜಿನ ತೊಟ್ಟಿಯ ತಳದಲ್ಲೊಂದು ಸಂಸಾರ

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ಮಕ್ಕಳಿಗೆ ಬಣ್ಣದ ಮೀನು ಸಾಕುವ ಹಂಬಲ. ಪಾಲಕರು ತೊಟ್ಟಿ ತಂದುಕೊಡುತ್ತಾರೆ. ವಾರ ಕಳೆಯುವುದರೊಳಗೆ ಮೀನು ಸತ್ತು ತೇಲುತ್ತದೆ, ಮಗುವಿನ ಉತ್ಸಾಹವೂ ಅಲ್ಲಿಗೇ ಮುಗಿಯುತ್ತದೆ. ಇದರಲ್ಲಿ ಮಗುವಿನ ತಪ್ಪೇನು? ಬಹುಪಾಲು ಕಾರಣ ನೀರಿನಲ್ಲಿದೆ, ಅವಸರದಲ್ಲಿದೆ.

ತೊಟ್ಟಿಯ ತಳದಲ್ಲಿ ಮೀಸೆಯಾಡಿಸುತ್ತ ಓಡಾಡುವ ಕೋರಿಡೋರಾಸ್ ಮೀನನ್ನೇ ನೋಡಿ. ದಕ್ಷಿಣ ಅಮೆರಿಕದ ಈ ಪುಟ್ಟ ಮೀನಿಗೆ ಹುರುಪೆಗಳಿಲ್ಲ. ಮೈಯ ಎರಡೂ ಬದಿಗೆ ಎರಡೆರಡು ಸಾಲು ಮೂಳೆಯ ಫಲಕಗಳ ಕವಚವಿದೆ. ಇದರ ಒಂದು ಜಾತಿಯನ್ನು ಬೀಗಲ್ ಹಡಗಿನ ಯಾತ್ರೆಯಲ್ಲಿ ಚಾರ್ಲ್ಸ್ ಡಾರ್ವಿನ್ ಸಂಗ್ರಹಿಸಿದ್ದ. 1842ರಲ್ಲಿ ಜೆನಿನ್ಸ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಇದರ ಜೊತೆಗೆ ಹೊಂದಿಕೊಂಡು ಬಾಳುವುದು ಎರಡು-ಮೂರು ಸೆಂಟಿಮೀಟರಿನ ಕೆಂಪು ಚೆರ್ರಿ ಸೀಗಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅನೇಕ ಕೊಳವೆಬಾವಿಗಳ ನೀರು ಗಡಸು. ಸಾಬೂನು ನೊರೆ ಕೊಡದು, ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಸೀಗಡಿಗೆ ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ಕೋರಿಡೋರಾಸಿಗೆ ಮೆದು ನೀರು ಹಿತ. ಆದ್ದರಿಂದ ಕೊಳವೆಬಾವಿ ನೀರಿಗೆ ಮಳೆನೀರನ್ನೋ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಬೆರೆಸುವುದು ಒಳಿತು. ಬರೀ ಘಟಕದ ನೀರಾದರೆ ಸೀಗಡಿಗೆ ಸುಣ್ಣ ಸಿಗದು. ನಲ್ಲಿ ನೀರಾದರೆ ಒಂದು ದಿನ ಬಾಯ್ದೆರೆದ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋಗಗೊಡಬೇಕು.

ತೊಟ್ಟಿ ಕಟ್ಟಿದ ದಿನವೇ ಮೀನು ಬಿಡಬಾರದು. ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತಳಕ್ಕೆ ನುಣುಪಾದ ಮರಳಿರಲಿ. ಚೂಪುಗಲ್ಲು ಮೀಸೆಯನ್ನು ಗಾಯಗೊಳಿಸುತ್ತದೆ. ಕೋರಿಡೋರಾಸ್ ಗುಂಪುಜೀವಿ, ಆರಾದರೂ ಇರಬೇಕು. ಉಳಿದ ಮೀನುಗಳ ಎಂಜಲು ತಿಂದು ಬದುಕುತ್ತವೆಂಬುದು ತಪ್ಪು ತಿಳಿವಳಿಕೆ. ತಳಕ್ಕಿಳಿಯುವ ತಿನಿಸು ಬೇರೆಯೇ ಹಾಕಬೇಕು. ಮೀನಿನ ರೋಗಕ್ಕೆಂದು ತಾಮ್ರವಿರುವ ಔಷಧ ಹಾಕಿದರೆ ಸೀಗಡಿಗಳು ಸಾಯುತ್ತವೆ.

ಬೇಸಿಗೆಯೇ ನಿಜವಾದ ಪರೀಕ್ಷೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆ. ಕೋರಿಡೋರಾಸ್ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ, ಕರುಳಿನಿಂದಲೂ ಆಮ್ಲಜನಕ ಹೀರಬಲ್ಲದು. ಸೀಗಡಿಗೆ ಆ ಉಪಾಯವಿಲ್ಲ. ಆದ್ದರಿಂದ ರಜೆಯ ಮೊದಲ ದಿನಕ್ಕಿಂತ ಮಳೆಗಾಲವೇ ಸಾಕಣೆ ಆರಂಭಿಸಲು ಸರಿಯಾದ ಕಾಲ.

ಸಂತಾನಕ್ಕೂ ಮಳೆಯೇ ಸಂಕೇತ. ತುಸು ತಂಪಾದ ನೀರು ಬದಲಿಸಿದರೆ ಮಳೆ ಬಂತೆಂದು ಬಗೆದು ಮೀನುಗಳು ಜೊತೆಗೂಡುತ್ತವೆ. ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳ ನಡುವೆ ಕೆಲವೇ ಮೊಟ್ಟೆ ಹಿಡಿದು ಒಯ್ದು ಗಾಜಿಗೆ ಅಂಟಿಸುತ್ತದೆ. ಮೂರರಿಂದ ಐದು ದಿನಕ್ಕೆ ಮರಿ. ದೊಡ್ಡ ಮೀನುಗಳು ಮೊಟ್ಟೆ ತಿನ್ನುವುದರಿಂದ ಅವನ್ನು ಅದೇ ನೀರಿನ ಬೇರೆ ಪಾತ್ರೆಗೆ ಸಾಗಿಸಬೇಕು. ತಾಯಿ ಸೀಗಡಿಯಾದರೋ ಇಪ್ಪತ್ತು-ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತು ಮೂರ್ನಾಲ್ಕು ವಾರ ಗಾಳಿಯಾಡಿಸುತ್ತದೆ. ಮರಿಗಳು ತಾಯಿಯದೇ ಚಿಕ್ಕ ಪ್ರತಿರೂಪ. ಅವುಗಳಿಗೆ ಅಡಗಲು ದಟ್ಟ ಪಾಚಿ ಬೇಕು. ಒಂದು ಭೂತಗನ್ನಡಿ, ಒಂದು ನೋಟುಪುಸ್ತಕವಿದ್ದರೆ ಇದಕ್ಕಿಂತ ಉತ್ತಮ ಜೀವಶಾಸ್ತ್ರದ ಪಾಠ ಬೇಕೆ?

ಮರಿಗಳು ಹೆಚ್ಚಾದಾಗ ಮಾತ್ರ ಎಚ್ಚರಿಕೆ ಬೇಕು. ಪಕ್ಕದಲ್ಲೇ ಕೃಷ್ಣೆ, ಭೀಮೆ, ಕಾಲುವೆಗಳಿವೆಯೆಂದು ಅಲ್ಲಿ ಬಿಡಬಾರದು. ತೊಟ್ಟಿಗಳಿಂದ ಹೊರಬಿದ್ದ ದಕ್ಷಿಣ ಅಮೆರಿಕದ ಇನ್ನೊಂದು ಕವಚದ ಮೀನು, ಹೀರುಬಾಯಿಯ ಸಕ್ಕರ್, ದೇಶದ ಹಲವು ಜಲಾಶಯಗಳಲ್ಲಿ ಬೇರುಬಿಟ್ಟು ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಹೆಚ್ಚಾದ ಮರಿಗಳನ್ನು ಗೆಳೆಯರಿಗೋ ಅಂಗಡಿಗೋ ಕೊಡುವುದು ಲೇಸು. ಮನೆಯ ಜೀವವನ್ನು ಉಳಿಸಲು ಕಲಿತ ಮಗು ಊರ ಹೊಳೆಯನ್ನೂ ಉಳಿಸಲು ಕಲಿಯಲಿ.