ಟೆಂಪ್ಲೇಟ್ ಬೇಡ, ಮಕ್ಕಳೇ ಬರೀಲಿ

ಈ ಸಲ ಎನ್‌ಎಸ್‌ಎಸ್ ಕ್ಯಾಂಪ್ ಸಕಲೇಶಪುರದ ಕಡೆ ಅಂದಕೂಡ್ಲೇ ಗ್ರೂಪ್‌ನಲ್ಲಿ ಬಂದ ಮೊದಲ ಮೆಸೇಜ್ ಏನು ಗೊತ್ತಾ? "ಕ್ಯಾನ್ವಾದಲ್ಲಿ ಥ್ಯಾಂಕ್ಯೂ ಕಾರ್ಡ್ ಡಿಸೈನ್ ರೆಡಿ ಇದೆ, 100 ಕಲರ್ ಪ್ರಿಂಟ್ ತಗೊಂಡ್ ಹೋಗೋಣ, ಮಕ್ಕಳು ಕೆಳಗೆ ಹೆಸರು ಬರೆದ್ರೆ ಸಾಕು." ನಾವು ಒಂದಷ್ಟು ಜನ ಬೇಡ ಅಂದ್ವಿ. ಅಲ್ಲಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು, ಅದಕ್ಕೇ ಇಲ್ಲಿ ಬರೀತಿದ್ದೀವಿ.

ಕಾರ್ಡ್ ಯಾರಿಗೆ ಅನ್ನೋದರಿಂದ ಶುರು ಮಾಡೋಣ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಫಿ ತೋಟದ ಮಧ್ಯೆ ನಡ್ಕೊಂಡು ಶಾಲೆಗೆ ಹೋಗೋ ಮಕ್ಕಳಿಗೆ ಕಾಡಾನೆ ಅಂದ್ರೆ ಪಾಠದ ಚಿತ್ರ ಅಲ್ಲ. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ರಚಿಸಿತು. ಅರಣ್ಯ ಇಲಾಖೆಯ ಆ ಹುಡುಗರು ಹಗಲು ರಾತ್ರಿ ಹಿಂಡಿನ ಜಾಡು ಹಿಡಿದು, ಆನೆ ಯಾವ ತೋಟದಲ್ಲಿದೆ ಅಂತ ಊರವರ ಮೊಬೈಲ್‌ಗೆ ಸುದ್ದಿ ಮುಟ್ಟಿಸ್ತಾರೆ. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಅರಿವಳಿಕೆ ಕೊಡೋಕೆ ಹೋದ ಸಿಬ್ಬಂದಿಯೊಬ್ಬರು ಅದರ ದಾಳಿಗೆ ಸಿಕ್ಕಿ ತೀರ್ಕೊಂಡ್ರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ, 8 ಸಲ ಅಂಬಾರಿ ಹೊತ್ತಿದ್ದ ದಸರಾ ಆನೆ ಅರ್ಜುನ ಕಾರ್ಯಾಚರಣೆಯಲ್ಲೇ ಸತ್ತ. ಅರ್ಜುನನಿಗೆ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಆ ಸಿಬ್ಬಂದಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಂಥವರಿಗೆ "ಧನ್ಯವಾದಗಳು" ಅಂತ ಅಚ್ಚು ಹಾಕಿದ ಕಾಗದ ಕೊಡೋದಾ?

ಆ ಪದದ ಬಗ್ಗೆಯೂ ಒಂದು ಮಾತು. ನಿಮ್ಮನೇಲಿ ಅಜ್ಜಿಗೆ ಯಾರಾದ್ರೂ ಧನ್ಯವಾದ ಹೇಳಿದ್ದು ಕೇಳಿದ್ದೀರಾ? ಅಜ್ಜಿ ಗಾಬರಿ ಬೀಳ್ತಾರೆ. ಅವರಿಗೆ ಉಪಕಾರ ಮಾಡಿ ನೋಡಿ, "ನಿನ್ ಹೊಟ್ಟೆ ತಣ್ಣಗಿರ್ಲಿ" ಅಂತಾರೆ, ಊಟ ಮಾಡದೆ ಬಿಡಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಯುಕೆಜಿಯಲ್ಲೇ "ಸೇ ಥ್ಯಾಂಕ್ಯೂ ಟು ಆಂಟಿ" ಅಂತ ಕಲಿಸಿದ್ರು. ಯಾಕೆ ಥ್ಯಾಂಕ್ಯೂ ಅಂತ ಯಾರೂ ಹೇಳ್ಲಿಲ್ಲ. ನಾವು ಕೇಳ್ಲೂ ಇಲ್ಲ.

ಹೋದ ವರ್ಷ ಅಲ್ಲಿನ ಒಂದು ಶಾಲೆಯಲ್ಲಿ ನಾವು ಮಕ್ಕಳಿಗೆ ಏನೂ ಹೇಳಿಕೊಡದೆ, "ಆನೆ ಕಾಯೋ ಮಾಮಂಗೆ ಏನ್ ಹೇಳ್ತೀರಾ?" ಅಂತಷ್ಟೇ ಕೇಳಿದ್ವಿ. ಎರಡನೇ ಕ್ಲಾಸಿನ ಒಂದು ಹುಡುಗಿ ಬರೆದಿದ್ದು: "ಮಾಮ ನೀವು ರಾತ್ರಿ ಎಲ್ಲಿ ಮಲಗ್ತೀರ?" ಇನ್ನೊಬ್ಬ ಆನೆ ಬರೆದು ಅದರ ಕಾಲಿಗೆ ಚಪ್ಪಲಿ ಹಾಕಿದ್ದ. ಸದ್ದಾದ್ರೆ ಮಾಮಂಗೆ ಗೊತ್ತಾಗುತ್ತಂತೆ. ಸೆನ್ಸರ್ ಪ್ರಾಜೆಕ್ಟ್ ಮಾಡೋ ನಮಗೇ ಹೊಳೀಲಿಲ್ಲ ನೋಡಿ! ಇದನ್ನೆಲ್ಲ ಕ್ಯಾನ್ವಾ ಟೆಂಪ್ಲೇಟ್‌ನ ಯಾವ ಮೂಲೇಲಿ ತುರುಕೋದು?

ಸಾಮಾನು ತರೋಕೆ ಬಜೆಟ್ಟೂ ಬೇಡ. ಹಳೇ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತೆ, ದಪ್ಪ ಕಾಗದ, ಎಲ್ಲರ ಮನೆಯ ಬೀರುವಿನಲ್ಲೂ ಬಿದ್ದಿವೆ. ಅಂಟಿಗೆ ಮೈದಾ ಕಾಯಿಸಿದ್ರೆ ಆಯ್ತು. ತೋಟದಲ್ಲಿ ಉದುರಿದ ಸಿಲ್ವರ್ ಓಕ್ ಎಲೆ ತಿರುಗಿಸಿದ್ರೆ ಬೆಳ್ಳಿ ಬಣ್ಣ, ಗ್ಲಿಟರ್ ಯಾಕೆ? ಅರಿಶಿನದ ನೀರಲ್ಲಿ ಬರೆದು ಮೇಲೆ ಸುಣ್ಣದ ತಿಳಿ ಸವರಿದ್ರೆ ಕೆಂಪಾಗುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಆಕಳಿಸ್ತಾ ನೋಡಿದ ಇಂಡಿಕೇಟರ್, ಮಕ್ಕಳಿಗೆ ಅದು ಜಾದು. ಸುಣ್ಣ ಮಾತ್ರ ನಮ್ಮ ಕೈಯಲ್ಲೇ ಇರಲಿ, ಕಣ್ಣಿಗೆ ಬಿದ್ರೆ ಕಷ್ಟ.

ಕನ್ನಡ ಸಂಘದವರೇ ಹೀಗಂತಾರಾ ಅಂತ ಬೈಬೇಡಿ, ಆದ್ರೆ ಕಾರ್ಡ್ ಕನ್ನಡದಲ್ಲೇ ಇರಬೇಕು ಅಂತಲೂ ಇಲ್ಲ. ತೋಟದ ಲೈನ್‌ಗಳಲ್ಲಿ ಈಗ ಅಸ್ಸಾಂನಿಂದ ಬಂದ ಮಕ್ಕಳೂ ಇದ್ದಾರೆ, ತಮಿಳು, ತುಳು ಮಾತಾಡೋರೂ ಇದ್ದಾರೆ. ಅವರು ಚಿತ್ರ ಬರೀಲಿ, ಹೆಬ್ಬೆಟ್ಟು ಒತ್ತಲಿ. ಕಾಗುಣಿತ ತಪ್ಪಿದ್ರೆ ದಯವಿಟ್ಟು ಕೆಂಪು ಪೆನ್ ತೆಗೀಬೇಡಿ. ಮಗುವಿನ ಮುಖ ಕಾಣೋ ಫೋಟೋ ತೆಗೆದು ಲಿಂಕ್ಡ್‌ಇನ್‌ಗೆ ಹಾಕೋದಂತೂ ಬೇಡವೇ ಬೇಡ. ರಿಪೋರ್ಟ್‌ಗೆ ಕಾರ್ಡಿನ ಫೋಟೋ ಸಾಕು.

ಇನ್ನು ತಲುಪಿಸೋ ವಿಷಯ. ಕ್ಯಾಂಪ್ ಮುಗಿದ ಮೇಲೆ ಕಾರ್ಡುಗಳು ಡಿಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿಗೆ ಬರೋದಾದ್ರೆ ಇಷ್ಟೆಲ್ಲ ವಾದಕ್ಕೆ ಅರ್ಥ ಇಲ್ಲ. ಸಿಬ್ಬಂದಿ ಬೆಳಗ್ಗೆ ಡ್ಯೂಟಿ ಬದಲಾಗೋ ಹೊತ್ತಿಗೆ ಹೋಗಿ ಅವರ ಕೈಗೇ ಕೊಡಬೇಕು. ಎಷ್ಟು ಹೊತ್ತಿಗೆ, ಎಲ್ಲಿ ಅಂತ ವಲಯ ಕಚೇರಿಯಲ್ಲಿ ಮೊದಲೇ ಕೇಳ್ಕೋಬೇಕು. ಆ ಕೆಲಸಕ್ಕೆ ಇನ್ನೂ ಯಾರೂ ಒಪ್ಪಿಲ್ಲ. ಬೇಗ ಏಳೋರು ಯಾರಾದ್ರೂ ಇದ್ರೆ ಗ್ರೂಪ್‌ನಲ್ಲಿ ಹೆಸರು ಹಾಕಿ.