ಅಮೇರಿಕದ ಸುಂಕ ಮತ್ತು ಮೈಸೂರು ರಸ್ತೆಯ ಹೊಲಿಗೆಯಂತ್ರ

2025ರ ಆಗಸ್ಟ್ 27ರಂದು ಭಾರತದ ಬಹುತೇಕ ಸರಕುಗಳ ಮೇಲಿನ ಅಮೇರಿಕದ ಹೆಚ್ಚುವರಿ ಸುಂಕ ಶೇ. 50ಕ್ಕೆ ಏರಿತು. ಅದೇ ತಿಂಗಳ 7ರಿಂದ ಶೇ. 25 ಜಾರಿಯಲ್ಲಿತ್ತು. ರಶ್ಯದಿಂದ ತೈಲ ಖರೀದಿಸಿದ್ದಕ್ಕೆ ದಂಡವೆಂದು ಇನ್ನೂ ಶೇ. 25 ಸೇರಿಸಲಾಯಿತು. ನಮ್ಮ ದೃಶ್ಯ ಮಾಧ್ಯಮಗಳ ಪಾಲಿಗೆ ಇದು ಇಬ್ಬರು ನಾಯಕರ ಮುನಿಸಿನ ಕಥೆ. 2019ರಲ್ಲಿ ಹ್ಯೂಸ್ಟನ್ನಿನ ವೇದಿಕೆಯಲ್ಲಿ ಕೈ ಹಿಡಿದು ನಡೆದವರು, 2020ರಲ್ಲಿ ಅಹ್ಮದಾಬಾದಿನ ಕ್ರೀಡಾಂಗಣದಲ್ಲಿ ಅಪ್ಪಿಕೊಂಡವರು ಈಗೇಕೆ ದೂರವಾದರು ಎಂಬುದರ ಸುತ್ತಲೇ ಚರ್ಚೆ ನಡೆಯಿತು. ಈ ಸುಂಕವನ್ನು ನಿಜಕ್ಕೂ ತೆರುವವರು ಯಾರು ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಮುಳುಗಿಹೋಯಿತು.

ವಿದೇಶಗಳೇ ಸುಂಕ ತೆರುತ್ತವೆ ಎಂಬುದು ಟ್ರಂಪ್ ಪದೇ ಪದೇ ಹೇಳಿದ ಮಾತು. ಲೆಕ್ಕ ಹಾಗಿಲ್ಲ. ಬೆಂಗಳೂರಿನಿಂದ ಹತ್ತು ಡಾಲರಿಗೆ ಹೋದ ಅಂಗಿಯ ಮೇಲೆ, ಮೊದಲೇ ಇದ್ದ ಸುಂಕದ ಜೊತೆಗೆ ಇನ್ನೂ ಐದು ಡಾಲರನ್ನು ಅಮೇರಿಕದ ಬಂದರಿನಲ್ಲಿ ಕಟ್ಟುವವನು ಅಲ್ಲಿಯ ಆಮದುದಾರ. ಆ ಐದು ಡಾಲರಿಗೆ ಮುಂದೆ ಮೂರೇ ದಾರಿ. ಆಮದುದಾರ ತನ್ನ ಲಾಭ ಬಿಡಬೇಕು, ಅಂಗಡಿಯಲ್ಲಿ ಬೆಲೆ ಏರಿಸಬೇಕು, ಇಲ್ಲವೇ ಇಲ್ಲಿಯ ಕಾರ್ಖಾನೆಯವನ ಮುಂದೆ ರಿಯಾಯಿತಿಗೆ ಪಟ್ಟು ಹಿಡಿಯಬೇಕು. ಮೂರೂ ನಡೆದವು. ಬೆಲೆ ಏರಿಕೆಯ ಬಿಸಿ ತಟ್ಟಿದಾಗ, 2025ರ ನವೆಂಬರಿನಲ್ಲಿ ಕಾಫಿ, ಬಾಳೆಹಣ್ಣು, ಗೋಮಾಂಸಗಳಿಗೆ ಸ್ವತಃ ಟ್ರಂಪ್ ಅವರೇ ವಿನಾಯಿತಿ ಕೊಡಬೇಕಾಯಿತು. ವಿದೇಶಗಳೇ ಸುಂಕ ತೆರುತ್ತಿದ್ದರೆ ಅಮೇರಿಕದವನ ಕಾಫಿ ತುಟ್ಟಿಯಾಗಬೇಕಿರಲಿಲ್ಲ.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಈ ಸುಂಕ ಎಲ್ಲರ ಮೇಲೂ ಒಂದೇ ತೆರನಾಗಿ ಬೀಳಲಿಲ್ಲ. ಔಷಧ ಮತ್ತು ಮೊಬೈಲ್ ಫೋನುಗಳನ್ನು ಹೊರಗಿಡಲಾಯಿತು; ದೊಡ್ಡ ಬಂಡವಾಳದ ಸರಕುಗಳು ಬಚಾವಾದವು. ಸಿಕ್ಕಿಬಿದ್ದದ್ದು ಸಿದ್ಧ ಉಡುಪು, ಚರ್ಮ, ಆಭರಣ, ಸಿಗಡಿ, ಅಂದರೆ ಕೈಗಳ ದುಡಿಮೆಯೇ ಹೆಚ್ಚಾಗಿರುವ ಸರಕು. ಭಾರತದ ಸಿದ್ಧ ಉಡುಪು ರಫ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅಮೇರಿಕಕ್ಕೆ ಹೋಗುತ್ತದೆ. ಬಾಂಗ್ಲಾದೇಶ, ವಿಯೆಟ್ನಾಂ, ಶ್ರೀಲಂಕಾಗಳ ಮೇಲಿನ ಸುಂಕ ಆಗ ಶೇ. 20, ಪಾಕಿಸ್ತಾನದ್ದು ಶೇ. 19. ಹೀಗಿರುವಾಗ ಖರೀದಿದಾರ ಯಾವ ಕಡೆ ಮುಖ ಮಾಡಿಯಾನು ಎಂದು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವವರಿಗೆ ಇದು ದೂರದ ಸುದ್ದಿಯಲ್ಲ. ರಾಜಾಜಿನಗರದ ಆಚೆಗಿನ ಪೀಣ್ಯ, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ, ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿ ದಾಟಿ ಕುಂಬಳಗೋಡಿನವರೆಗೆ ಹೊಲಿಗೆಯ ಕಾರ್ಖಾನೆಗಳೂ ಲೇತ್ ಯಂತ್ರದ ಸಣ್ಣ ಶೆಡ್ಡುಗಳೂ ಹಬ್ಬಿವೆ. ಶೆಡ್ಡುಗಳ ಕಷ್ಟವೇ ಬೇರೆ. ಉಕ್ಕು ಮತ್ತು ಅಲ್ಯುಮಿನಿಯಂ ಮೇಲಿನ ಸುಂಕ 2025ರ ಮಾರ್ಚಿನಲ್ಲಿ ಶೇ. 25 ಆಗಿ, ಜೂನಿನಲ್ಲಿ ಶೇ. 50 ಆಯಿತು. ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಮಹಿಳೆಯರು. ಆರ್ಡರ್ ಕಡಿಮೆಯಾದಾಗ ಕಾರ್ಖಾನೆ ಒಂದೇ ದಿನ ಬಾಗಿಲು ಹಾಕುವುದಿಲ್ಲ. ಮೊದಲು ಓವರ್‌ಟೈಮ್ ನಿಲ್ಲುತ್ತದೆ. ಬಿಟ್ಟುಹೋದವರ ಜಾಗಕ್ಕೆ ಹೊಸಬರು ಬರುವುದಿಲ್ಲ. ಉಳಿದವರ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಏರುತ್ತದೆ. ಇಂತಹ ಕಡಿತ ಯಾವ ಸುದ್ದಿವಾಹಿನಿಯ ಕ್ಯಾಮರಾಕ್ಕೂ ಕಾಣಿಸುವಂಥದ್ದಲ್ಲ.

ಆದರೂ ಕಾರ್ಖಾನೆಯ ಮಹಿಳೆಗೆ ಒಂದು ಹಾಜರಿ ಪುಸ್ತಕವಿದೆ, ಪಿಎಫ್ ಸಂಖ್ಯೆಯಿದೆ, ಇಎಸ್‌ಐ ಚೀಟಿಯಿದೆ. ಪಾದರಾಯನಪುರ, ಗೋರಿಪಾಳ್ಯ, ಬಾಪೂಜಿನಗರದಂತಹ ಮೊಹಲ್ಲಾಗಳಲ್ಲಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುವ, ಬಟ್ಟೆಗೆ ಗುಂಡಿ ಹಾಕುವ, ದಾರ ಕತ್ತರಿಸುವ ನಮ್ಮ ತಾಯಂದಿರಿಗೆ ಮತ್ತು ಸಹೋದರಿಯರಿಗೆ ಏನಿದೆ? ಬೆಂಗಳೂರಿನ ಊದುಬತ್ತಿ ಅಮೇರಿಕದ ಅಂಗಡಿಗಳಿಗೂ ಹೋಗುತ್ತದೆ. ಅದನ್ನು ಹೊಸೆಯುವವರಿಗೆ ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಕಡ್ಡಿ ಮತ್ತು ಹಿಟ್ಟು ತಂದುಕೊಡುವ ಮಧ್ಯವರ್ತಿಯ ಮುಖವಷ್ಟೇ ಅವರಿಗೆ ಪರಿಚಿತ. ಮಾಲೀಕ ಯಾರು, ಸರಕು ಯಾವ ದೇಶಕ್ಕೆ ಹೋಗುತ್ತದೆ ಎಂಬುದು ಗೊತ್ತಿಲ್ಲ. ಯಂತ್ರಗಳು ಬಂದ ಮೇಲೆ ಈ ಕೆಲಸ ಮೊದಲೇ ಸೊರಗಿದೆ. ‘ಈ ವಾರ ಮಾಲು ಇಲ್ಲ’ ಎಂದು ಮಧ್ಯವರ್ತಿ ಹೇಳಿಹೋದರೆ ಕೆಲಸ ಹೋಯಿತು. ಯಾವ ಕಡತದಲ್ಲೂ ಒಂದು ಅಕ್ಷರ ಬದಲಾಗುವುದಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. 19ರಂದು ಟ್ರಂಪ್ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಈ ವೀಸಾ ಪಡೆಯುವವರಲ್ಲಿ ಶೇ. 70ಕ್ಕಿಂತ ಹೆಚ್ಚು ಮಂದಿ ಭಾರತೀಯರು. ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಫೋನುಗಳು ಮೊಳಗಿರಬೇಕು. ಹಳೆಯ ವೀಸಾದಾರರಿಗೆ ಇದು ಅನ್ವಯಿಸದು ಎಂದು ಮರುದಿನವೇ ಸ್ಪಷ್ಟೀಕರಣ ಬಂತು. ಆ ಆತಂಕ ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಆ ಒಂದು ರಾತ್ರಿಯ ಕಳವಳಕ್ಕೆ ನಮ್ಮ ವಾಹಿನಿಗಳು ಮೀಸಲಿಟ್ಟ ಗಂಟೆಗಳಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಮೈಸೂರು ರಸ್ತೆಯ ಹೊಲಿಗೆಯಂತ್ರಕ್ಕೆ ದಕ್ಕಿತೇ?

ಮಾಧ್ಯಮದ ವಿಷಯದಲ್ಲಿ ಅಮೇರಿಕವನ್ನು ಮಾದರಿಯೆಂದು ತೋರಿಸುವ ಕಾಲವೂ ಇದಲ್ಲ. ಮೆಕ್ಸಿಕೋ ಕೊಲ್ಲಿಯನ್ನು ‘ಅಮೇರಿಕ ಕೊಲ್ಲಿ’ ಎಂದು ಬರೆಯಲೊಪ್ಪದ ಅಸೋಸಿಯೇಟೆಡ್ ಪ್ರೆಸ್ ವರದಿಗಾರರನ್ನು 2025ರ ಫೆಬ್ರವರಿಯಲ್ಲಿ ಶ್ವೇತಭವನದ ಕಾರ್ಯಕ್ರಮಗಳಿಂದ ಹೊರಗಿಡಲಾಯಿತು. ಜುಲೈಯಲ್ಲಿ ಸಾರ್ವಜನಿಕ ರೇಡಿಯೋ ಮತ್ತು ಟಿ.ವಿ.ಗೆ ಮೀಸಲಾಗಿದ್ದ ಸುಮಾರು 110 ಕೋಟಿ ಡಾಲರನ್ನು ಅಲ್ಲಿಯ ಸಂಸತ್ತು ಹಿಂಪಡೆಯಿತು. ಆಗಸ್ಟ್ 1ರಂದು ಉದ್ಯೋಗದ ಅಂಕಿಅಂಶಗಳು ನಿರಾಶಾದಾಯಕವಾಗಿ ಬಂದವೆಂಬ ಕಾರಣಕ್ಕೆ ಅವನ್ನು ಪ್ರಕಟಿಸುವ ಇಲಾಖೆಯ ಮುಖ್ಯಸ್ಥೆಯನ್ನೇ ಟ್ರಂಪ್ ವಜಾ ಮಾಡಿದರು. ಕನ್ನಡಿ ಒಡೆದರೆ ಮುಖದ ಕಲೆ ಹೋದೀತೆಂಬ ಭ್ರಮೆ! ಆದರೂ ಅಲ್ಲಿ ವಜಾ ಮಾಡಲು ಒಂದು ಲೆಕ್ಕವಾದರೂ ಇತ್ತು. ಪ್ರತಿ ತಿಂಗಳು ಎಷ್ಟು ಜನರ ಕೆಲಸ ಹೋಯಿತೆಂದು ದೇಶಕ್ಕೆ ತಿಳಿಸುವ ವ್ಯವಸ್ಥೆ ಇತ್ತು. ಸುಂಕದಿಂದ ಪ್ರತಿ ಕುಟುಂಬಕ್ಕೆ ತಗಲುವ ಖರ್ಚೆಷ್ಟೆಂದು ಯೇಲ್ ವಿಶ್ವವಿದ್ಯಾಲಯದ ಬಜೆಟ್ ಲ್ಯಾಬ್ ಲೆಕ್ಕ ಹಾಕಿ ಪ್ರಕಟಿಸುತ್ತಲೇ ಬಂತು. ಗೋರಿಪಾಳ್ಯದ ಮನೆಯೊಂದರ ನಷ್ಟವನ್ನು ಮುಚ್ಚಿಡಲು ಇಲ್ಲಿ ಯಾವ ಅಧಿಕಾರಿಯನ್ನೂ ವಜಾ ಮಾಡಬೇಕಿಲ್ಲ. ಅದನ್ನು ಬರೆದಿಟ್ಟವರೇ ಇಲ್ಲ.

ಕೇಂದ್ರ ಸರಕಾರ ಸುಮ್ಮನೆ ಕೂತಿತೆಂದು ಹೇಳಲಾಗದು. ಹತ್ತಿಯ ಆಮದು ಸುಂಕವನ್ನು 2025ರ ಡಿಸೆಂಬರ್ ಅಂತ್ಯದವರೆಗೆ ಕೈಬಿಡಲಾಯಿತು. ನವೆಂಬರಿನಲ್ಲಿ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಯೋಜನೆಗೂ ರಫ್ತುದಾರರ 20,000 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಖಾತರಿ ನೀಡುವ ಯೋಜನೆಗೂ ಸಂಪುಟ ಒಪ್ಪಿಗೆ ಕೊಟ್ಟಿತು. ಇವೆಲ್ಲ ತಲುಪುವುದು ರಫ್ತುದಾರನನ್ನು. ರಿಯಾಯಿತಿಯ ಭಾರವನ್ನು ಕೆಳಗೆ ದಾಟಿಸಲು ಅವನಿಗೆ ದಾರಿಯಿದೆ. ಕೆಳಗಿನವಳಿಂದ ಮುಂದೆ ದಾಟಿಸಲು ಇನ್ನಾರೂ ಇಲ್ಲ.

ಈ ಮಹಿಳೆಯರು ಅಸಹಾಯಕರೆಂಬುದೂ ಪೂರ್ಣ ಸತ್ಯವಲ್ಲ. 2016ರ ಏಪ್ರಿಲಿನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ, ಮಾಲೀಕರ ಪಾಲಿನ ಹಣಕ್ಕೆ 58 ವರ್ಷದವರೆಗೆ ಕಾಯಬೇಕೆಂದಾಗ, ಇದೇ ಗಾರ್ಮೆಂಟ್ಸ್ ಮಹಿಳೆಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ಮರುದಿನ ತುಮಕೂರು ರಸ್ತೆಗೂ ಇಳಿದರು. ದೊಡ್ಡ ಕಾರ್ಮಿಕ ಸಂಘಗಳು ಕರೆ ಕೊಟ್ಟು ಕರೆತಂದ ಜನಸ್ತೋಮವಲ್ಲ ಅದು. ಎರಡನೆಯ ದಿನವೇ ಕೇಂದ್ರ ಸರಕಾರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಆದರೆ ಆ ಹೋರಾಟಕ್ಕೆ ಆಧಾರವಾದದ್ದು ಪಿಎಫ್ ಸಂಖ್ಯೆ ಎಂಬುದನ್ನು ಮರೆಯಬಾರದು. ಊದುಬತ್ತಿ ಹೊಸೆಯುವವಳು ಯಾವ ಸಂಖ್ಯೆ ಹಿಡಿದು ರಸ್ತೆಗಿಳಿಯಬೇಕು?

ಆದ್ದರಿಂದ ಮೊದಲ ಕೆಲಸ ದಾಖಲೆಯದು. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಮನೆಯಲ್ಲಿ ದುಡಿಯುವವರಿಗೂ ಮುಕ್ತವಾಗಿದೆ, ಅದಕ್ಕೆ ಶುಲ್ಕವಿಲ್ಲ. ಮತದಾರರ ಪಟ್ಟಿಗೆ, ವಿದ್ಯಾರ್ಥಿವೇತನಕ್ಕೆ ಶಿಬಿರ ನಡೆಸುವ ಮೊಹಲ್ಲಾ ಸಮಿತಿಗಳು ಇದಕ್ಕೂ ಒಂದು ಭಾನುವಾರ ಕೊಡಬಾರದೇಕೆ? ಕಾರ್ಡ್ ಮಾತ್ರದಿಂದ ಕೂಲಿ ಬರುವುದಿಲ್ಲ ನಿಜ. ಯಾರಿಗಾಗಿ, ಯಾವ ದರಕ್ಕೆ, ಎಷ್ಟು ಸಾವಿರ ಕಡ್ಡಿ ಹೊಸೆದೆವು ಎಂದು ಶಾಲೆಗೆ ಹೋಗುವ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಸಿಟ್ಟರೂ ನಾಳೆ ಕಾರ್ಮಿಕ ಇಲಾಖೆಯ ಮುಂದೆ ಇಡಲು ಒಂದು ಸಾಕ್ಷ್ಯವಿರುತ್ತದೆ. ಮನೆಗೆಲಸದ ನಡುವಿನ ಬಿಡುವಿನ ದುಡಿಮೆ ಎಂದು ಇದನ್ನು ಹಗುರವಾಗಿ ಕಾಣುವ ನಮ್ಮ ಗಂಡಸರೂ, ಆ ಹಣದಿಂದ ಮನೆಯ ಯಾವ ಯಾವ ಖರ್ಚು ನಡೆಯಿತೆಂದು ಒಮ್ಮೆ ಕೂಡಿಸಿ ನೋಡಬೇಕು.

ಅಮೇರಿಕದಲ್ಲಿ ಸುಂಕದ ಕಥೆ ನ್ಯಾಯಾಲಯಕ್ಕೆ ಹೋಯಿತು. ಆಟಿಕೆ ಮಾರುವ ಒಂದು ಕಂಪೆನಿ, ವೈನ್ ತರಿಸುವ ಒಂದು ಸಣ್ಣ ಸಂಸ್ಥೆ ಅಧ್ಯಕ್ಷರ ವಿರುದ್ಧವೇ ದಾವೆ ಹೂಡಿದವು. 2026ರ ಫೆಬ್ರವರಿ ಆರಂಭದಲ್ಲಿ ಭಾರತದ ಮೇಲಿನ ಸುಂಕವನ್ನು ಶೇ. 18ಕ್ಕೆ ಇಳಿಸುವ ಒಪ್ಪಂದ ಪ್ರಕಟವಾಯಿತು. ಅದೇ ತಿಂಗಳ 20ರಂದು, 1977ರ ತುರ್ತು ಅಧಿಕಾರ ಕಾಯ್ದೆಯ ಬಲದಿಂದ ಸುಂಕ ವಿಧಿಸುವ ಹಕ್ಕು ಅಧ್ಯಕ್ಷರಿಗಿಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ತೀರ್ಪಿತ್ತಿತು. ಉಕ್ಕಿನ ಸುಂಕ ಬೇರೆ ಕಾಯ್ದೆಯದಾದ್ದರಿಂದ ಈ ತೀರ್ಪು ಅದನ್ನು ಮುಟ್ಟಲಿಲ್ಲ. ಕಾಸ್ಟ್‌ಕೋದಂತಹ ಬೃಹತ್ ಅಂಗಡಿ ಸಂಸ್ಥೆಗಳು ತಾವು ಕಟ್ಟಿದ ಹಣ ಮರಳಿ ಬರಬೇಕೆಂದು ತೀರ್ಪಿಗೂ ಮೊದಲೇ ನ್ಯಾಯಾಲಯದ ಬಾಗಿಲು ತಟ್ಟಿದ್ದವು. ಅವರ ಬಳಿ ಬಂದರಿನ ರಶೀದಿಗಳಿವೆ. ಆ ತಿಂಗಳುಗಳಲ್ಲಿ ಇಲ್ಲಿಯ ಕಾರ್ಖಾನೆ ಬಿಟ್ಟುಕೊಟ್ಟ ರಿಯಾಯಿತಿ, ನಿಂತುಹೋದ ಓವರ್‌ಟೈಮ್, ಬಾರದ ಮಾಲು ಯಾವ ರಶೀದಿಯಲ್ಲಿವೆ?